ಬಸ್ಸು ಅಂದ್ರೆ ಬರೀ ‘ಗೆ’

(1)
ಫೋಟೋದಲ್ಲಿ ಇರೋದು ಬಸ್ಸಿನ ಕಿಟಕಿ, ಕಂಬಿ ಮೇಲೆ ಮಳೆನೀರು, ಅಷ್ಟೇ. ಒಳಗಿದ್ದವ್ರ ಫೋಟೋ ತೆಗೀಲಿಲ್ಲ. ಕೇಳದೇ ತೆಗೀಬಾರ್ದಲ್ಲ. ಅದಕ್ಕೇ ಒಳಗೆ ಆಗಿದ್ದನ್ನ ಬರೀತೇನೆ. ಉದ್ದ ಆಗ್ತದೆ, ಏಳು ಪೋಸ್ಟು. ಮನೆಗೆ ಹೋಗೋ ದಾರೀಲಿ, ಬಸ್ಸಲ್ಲಿ ಕೂತೇ ಓದಿ.

ಯಲ್ಲಾಪುರದಿಂದ ಶಿರಸಿಗೆ ಬರ್ತಾ ಇದ್ದೆ. ಒಬ್ರು ಗೌಳಿ ಅಜ್ಜಿ ಮೊಮ್ಮಗನ ಕೈ ಹಿಡ್ಕೊಂಡು ಹತ್ತಿದ್ರು. ಗೌಳಿಯವ್ರ ಮನೆಮಾತು ಮರಾಠಿಯದೇ ಒಂದು ಬಗೆ, ಯಲ್ಲಾಪುರದ ಕಡೆಯವ್ರಿಗೆ ಇದು ಹೇಳೋದೇ ಬೇಡ. ಹುಡುಗ ಕಂಬಿ ಹಿಡ್ದು ಜೋತಾಡ್ತಾ ಇದ್ದ. ಅಜ್ಜಿ ಸೀಟು ತೋರ್ಸಿ “ಬಸ್ ರೇ, ಬಸ್” ಅಂದ್ರು. ಕೂತ್ಕೋ ಮಾರಾಯಾ, ಕೂತ್ಕೋ ಅಂತ. ಅದೇ ಹೊತ್ತಿಗೆ ನನ್ನ ಮುಂದಿನ ಸೀಟಿನ ಅಕ್ಕ ಫೋನಲ್ಲಿ ಯಾರಿಗೋ ಬೈತಾ ಇದ್ರು: “ಅರೇ ಬಸ್ ಕರ್, ಬಸ್ ಮೇ ಹೂಂ.” ಸಾಕು ಮಾಡು, ಬಸ್ಸಲ್ಲಿದ್ದೇನೆ.

ಒಂದೇ ಬಸ್ಸು, ಒಂದೇ ನಿಮಿಷ, ಮೂರು ‘ಬಸ್’. ಒಂದಕ್ಕೆ ಕೂತ್ಕೋ ಅಂತ ಅರ್ಥ, ಒಂದಕ್ಕೆ ಸಾಕು ಅಂತ, ಇನ್ನೊಂದು ನಾವು ಕೂತಿದ್ದ ಗಾಡಿ. ನಂಗೆ ನಗು ಬಂತು.

ಆ ನಗು ಜಾಸ್ತಿ ಹೊತ್ತು ಉಳೀಲಿಲ್ಲ. ಅಜ್ಜಿ ಕೂತ ಕೂಡ್ಲೇ ಪಕ್ಕದಲ್ಲಿ ನಿಂತಿದ್ದ ಒಬ್ರು, ಯಾರಿಗೂ ಹೇಳದಂಗೆ ಎಲ್ಲರಿಗೂ ಕೇಳೋ ಹಂಗೆ ಹೇಳಿದ್ರು: “ಫ್ರೀ ಮಾಡಿದ್ದೇ ಮಾಡಿದ್ದು, ದುಡ್ಡು ಕೊಟ್ಟವ್ರಿಗೆ ನಿಲ್ಲೋಕೂ ಜಾಗ ಇಲ್ಲ.” ನಾಲ್ಕೈದು ಜನ ನಕ್ರು. ಅದ್ರಲ್ಲಿ ನಮ್ಮ ವಯಸ್ಸಿನವ್ರೂ ಇದ್ರು. ಅಜ್ಜಿಗೆ ಕನ್ನಡ ಚೆನ್ನಾಗೇ ಬರ್ತದೆ ಅನ್ನೋದು ಅವ್ರ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಹುಡುಗನ್ನ ಎಳ್ದು ತೊಡೆ ಮೇಲೆ ಕೂರ್ಸ್ಕೊಂಡು ಪಕ್ಕಕ್ಕೆ ಸರ್ದು ಜಾಗ ಮಾಡಿದ್ರು. ನನ್ನ ಟಿಕೆಟ್ಟೂ ಅವ್ರದ್ದೇ ಥರದ್ದು. ನಾನು ಇಯರ್‌ಫೋನ್ ಹಾಕ್ಕೊಂಡು ಸುಮ್ಮನೆ ಕೂತೆ.

ಉತ್ತರ ಹೊಳೆದಿದ್ದು ಮನೆಗೆ ಬಂದ ಮೇಲೆ. ಅದೂ ‘ಬಸ್’ ಅನ್ನೋ ಶಬ್ದ ಎಲ್ಲಿಂದ ಬಂತು ಅಂತ ಹುಡುಕ್ತಾ ಕೂತಾಗ.

(2)
‘ಬಸ್’ ಪೂರ್ತಿ ಶಬ್ದ ಅಲ್ಲ. ಅದೊಂದು ಬಾಲ.

ಪೂರ್ತಿ ಶಬ್ದ ‘ಓಮ್ನಿಬಸ್’, ಲ್ಯಾಟಿನ್ನಿಂದ ಬಂದಿದ್ದು. ‘ಓಮ್ನಿಸ್’ ಅಂದ್ರೆ ಎಲ್ಲ. ‘ಓಮ್ನಿಬಸ್’ ಅಂದ್ರೆ ಎಲ್ಲರಿಗೆ. ಹೈಸ್ಕೂಲಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ನೆನಪಿದ್ಯಾ? ಉ, ಅನ್ನು, ಇಂದ, ಗೆ-ಇಗೆ-ಕ್ಕೆ… ಆ ನಾಲ್ಕನೇದು, ಚತುರ್ಥಿ. ಲ್ಯಾಟಿನ್ನಿನ ‘ಬಸ್’ ಮಾಡೋ ಕೆಲಸ ಅದೇ. ನಮ್ಮ ‘ಎಲ್ಲರಿಗೆ’ ಅನ್ನೋ ಶಬ್ದದಲ್ಲಿ ‘ಎಲ್ಲರು’ ಕಳ್ದು ಹೋಗಿ ‘ಗೆ’ ಮಾತ್ರ ಉಳೀತು ಅಂದ್ಕೊಳ್ಳಿ. ಬೆಳಿಗ್ಗೆ ಸ್ಟಾಪಲ್ಲಿ ನಿಂತು “ಏಳೂಕಾಲರ ಗೆ ಬಂತಾ?” “ಇಲ್ಲ ಮಾರಾಯ್ತಿ, ಇವತ್ತು ಗೆ ಲೇಟು” ಅಂತ ಮಾತಾಡಿದ ಹಾಗೆ. ಜಗತ್ತು ಪೂರ್ತಿ ಹೀಗೇ ಮಾತಾಡ್ತಾ ಇದೆ.

ನಾವು ಅದಕ್ಕೂ ಒಂದು ಹೆಜ್ಜೆ ಮುಂದೆ. ನಮ್ಮ ಕಡೆ “ಹೆಂಗೆ ಬಂದ್ಯೇ?” ಅಂತ ಕೇಳಿದ್ರೆ “ಬಸ್ಸಿಗೆ ಬಂದೆ” ಅಂತೀವಿ. ಅಂದ್ರೆ ಲ್ಯಾಟಿನ್ನಿನ ‘ಗೆ’ಗೆ ಕನ್ನಡದ ‘ಇಗೆ’ ಅಂಟಿಸ್ತೀವಿ. ‘ಗೆ’ಗೆ ಬಂದೆ! ಬಸ್ಸಿನ ಹಣೆ ಮೇಲೆ ಬರ್ದಿರೋ ‘ಸಾರಿಗೆ’ ಓದಿದಾಗಲೂ ಚಿಕ್ಕವಳಿದ್ದಾಗ ನಂಗೆ ಡೌಟು ಇತ್ತು, ಸಾರಿಗೆ ಏನು ಹಾಕ್ಬೇಕು, ಉಪ್ಪಾ, ಹುಳೀನಾ ಅಂತ. ಹಳೆಗನ್ನಡದಲ್ಲಿ ‘ಸಾರ್’ ಅಂದ್ರೆ ಹತ್ತಿರ ಹೋಗು ಅನ್ನೋ ಅರ್ಥ ಇದೆ ಅಂತ ಆಮೇಲೆ ಗೊತ್ತಾಯ್ತು. ಈಗ ‘ಸಾರಿಗೆ’ ಅಂತ ಓದಿದಾಗೆಲ್ಲ ಅದೂ ನೆನಪಾಗ್ತದೆ.

(3)
ಸರಿ, ಆ ‘ಎಲ್ಲರಿಗೆ’ ಗಾಡಿಗೆ ಅಂಟಿದ್ದು ಹೇಗೆ?

ಫ್ರಾನ್ಸಿನ ನಾಂತ್ ಅನ್ನೋ ಊರು, 1826. ಸ್ಟಾನಿಸ್ಲಾಸ್ ಬೋದ್ರಿ ಅಂತ ಒಬ್ಬ ಹಿಟ್ಟಿನ ಗಿರಣಿ ಇಟ್ಟಿದ್ದ. ಗಿರಣಿಯ ಉಗಿಯಂತ್ರದಿಂದ ಬಿಸಿನೀರು ಸುಮ್ಮನೆ ಹೋಗ್ತಾ ಇತ್ತು. ಅದನ್ನ ಇಟ್ಕೊಂಡು ಸ್ನಾನದ ಮನೆ ಶುರು ಮಾಡಿದ. (ಕಾಸ್ಟ್ ಅಕೌಂಟಿಂಗಲ್ಲಿ ಬೈ-ಪ್ರಾಡಕ್ಟ್ ಅಂತ ಓದ್ತೀವಲ್ಲ, ಅದೇ.) ಆದ್ರೆ ಜಾಗ ಪೇಟೆಯಿಂದ ದೂರ, ಗಿರಾಕಿ ಇಲ್ಲ. ಪೇಟೆಯಿಂದ ಅಲ್ಲೀವರೆಗೆ ಕುದುರೆ ಗಾಡಿ ಬಿಟ್ಟ. ನೋಡಿದ್ರೆ ಜನ ಗಾಡಿ ಹತ್ತಿ ನಡುವೆ ನಡುವೆ ಇಳ್ದು ತಮ್ಮ ಕೆಲಸಕ್ಕೆ ಹೋಗ್ತಾ ಇದಾರೆ, ಸ್ನಾನಕ್ಕೆ ಬರೋರೇ ಕಮ್ಮಿ! ಬೋದ್ರಿ ಸ್ನಾನ ಬಿಟ್ಟು ಗಾಡೀನೇ ಹಿಡ್ಕೊಂಡ. ಗಾಡಿ ನಿಲ್ತಾ ಇದ್ದ ಜಾಗದಲ್ಲಿ ಓಮ್ನೆಸ್ ಅನ್ನೋ ಟೋಪಿ ವ್ಯಾಪಾರಿಯ ಅಂಗಡಿ ಇತ್ತು, ಬೋರ್ಡಿನಲ್ಲಿ ‘ಓಮ್ನೆಸ್ ಓಮ್ನಿಬಸ್’ ಅಂತ ಹೆಸರಿಗೆ ಪ್ರಾಸ ಕಟ್ಟಿದ್ದ, ಅದ್ರಿಂದಾನೇ ಗಾಡಿಗೆ ಹೆಸರು ಬಂತು ಅಂತ ಒಂದು ಕಥೆ. ಕಥೆ ಚೆನ್ನಾಗಿದೆ, ಎಷ್ಟು ನಿಜ ಅನ್ನೋದ್ರ ಬಗ್ಗೆ ಜಗಳ ಇದೆ. 1828ರಲ್ಲಿ ಅವನ ಗಾಡಿ ಪ್ಯಾರಿಸ್ಸಿಗೆ ಹೋಯ್ತು. 1829ರ ಜುಲೈ 4ರಂದು ಜಾರ್ಜ್ ಶಿಲ್ಲಿಬಿಯರ್ ಲಂಡನ್ನಿನ ಪ್ಯಾಡಿಂಗ್ಟನ್ನಿಂದ ಬ್ಯಾಂಕ್‌ವರೆಗೆ ಓಮ್ನಿಬಸ್ ಓಡ್ಸಿದ. ಕೆಲವೇ ವರ್ಷದಲ್ಲಿ ಇಂಗ್ಲಿಷಿನವ್ರು ತಲೆ ಕತ್ತರ್ಸಿ ಬಾಲ ಇಟ್ಕೊಂಡ್ರು.

ಆದ್ರೆ ನಾನು ಹೇಳೋಕೆ ಬಂದಿದ್ದು ಇದಕ್ಕೂ ಹಿಂದಿನದು. ಗೊತ್ತಾದ ದಾರಿ, ಗೊತ್ತಾದ ರೇಟು, ಯಾರು ಬೇಕಾದ್ರೂ ಹತ್ತೋ ಗಾಡಿ ಅನ್ನೋ ಉಪಾಯ ಬೋದ್ರಿಯದಲ್ಲ. 1662ರ ಮಾರ್ಚ್ 18ರಂದು ಪ್ಯಾರಿಸ್ಸಲ್ಲಿ ಅಂಥದ್ದು ಶುರುವಾಗಿತ್ತು. ಅದರ ಹಿಂದೆ ಇದ್ದವನು ಬ್ಲೇಸ್ ಪಾಸ್ಕಲ್. ಪಿಯುಸಿ ಗಣಿತ, ಫಿಸಿಕ್ಸಲ್ಲಿ ನಮ್ಮನ್ನ ಕಾಡಿದ ಅದೇ ಪಾಸ್ಕಲ್. ಒಬ್ಬರಿಗೆ ಐದು ಸೋಲ್. ಯಾರು ಬೇಕಾದ್ರೂ ಅಂದ್ನಲ್ಲ, ಅಲ್ಲೇ ತಪ್ಪು. ಪ್ಯಾರಿಸ್ಸಿನ ನ್ಯಾಯಮಂಡಳಿ ಒಂದು ಶರತ್ತು ಹಾಕ್ತು: ಸೈನಿಕರು, ಮನೆ ಆಳುಗಳು, ಕೈಕೆಲಸದ ಕೂಲಿಗಳು ಹತ್ತೋ ಹಾಗಿಲ್ಲ. ದೊಡ್ಡವ್ರಿಗೆ ಇರುಸುಮುರುಸು ಆಗಬಾರದಲ್ಲ! ಕಾಸು ಕೊಟ್ರೂ ಕೂಲಿಯವ್ನಿಗೆ ಸೀಟಿಲ್ಲ. ಹದಿನೈದು ವರ್ಷದೊಳಗೆ ಆ ಗಾಡಿ ನಿಂತೇ ಹೋಯ್ತು.

ಅದಾಗಿ ನೂರೈವತ್ತು ವರ್ಷದ ಮೇಲೆ ಬಂದ ಗಾಡಿಗೆ ‘ಎಲ್ಲರಿಗೆ’ ಅಂತ ಹೆಸರು. ಟೋಪಿಯವನ ಕಥೆ ಸುಳ್ಳೇ ಇರಲಿ, ಆ ಹೆಸರು ಕೇಳಿದಾಗ ನಂಗೆ ಇಳಿಸಿಬಿಟ್ಟ ಆ ಕೂಲಿಗಳೇ ನೆನಪಾಗ್ತಾರೆ. ಹೆಸರು ಇಟ್ಟ ಕೂಡ್ಲೇ ಎಲ್ಲ ಸರಿಹೋಗ್ಲಿಲ್ಲ, ಅದೂ ಹೌದು. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲ್ಲ ಅಂದಿದ್ದಕ್ಕೆ ಪೊಲೀಸರು ಹಿಡ್ಕೊಂಡು ಹೋದ್ರು. ಅಲ್ಲಿಯ ಕಪ್ಪು ಜನ 381 ದಿನ ಬಸ್ಸು ಹತ್ತದೇ ನಡೆದ್ರು. ದುಡ್ಡು ಅವರೂ ಕೊಡ್ತಾ ಇದ್ರು. ಹಾಗಾಗಿ ಬಸ್ಸಲ್ಲಿ ಸೀಟಿನ ಜಗಳ ಬಂದಾಗ ಅದು ಬರೀ ದುಡ್ಡಿನ ಜಗಳ ಅಂತ ಯಾರಾದ್ರೂ ಹೇಳಿದ್ರೆ ನಂಗೆ ನಂಬಿಕೆ ಬರಲ್ಲ.

(4)
ಸ್ವಲ್ಪ ಹಗುರ ಪೋಸ್ಟು. ಚಾರ್ಜರ್ ವೈರಿನ ಫೋಟೋ ಯಾಕೆ ಅಂತ ಕೇಳ್ಬೇಡಿ, ಹೇಳ್ತೇನೆ.

ಬೇರೆ ಊರವ್ರು ತಮ್ಮ ಬಸ್ಸಿಗೆ ಏನಂತಾರೆ ನೋಡಿ. ಕೀನ್ಯಾದ ಸಣ್ಣ ಬಸ್ಸಿಗೆ ‘ಮಟಾಟು’. ‘ಟಾಟು’ ಅಂದ್ರೆ ಮೂರು, ಮೊದಲು ರೇಟು ಹತ್ತು ಸೆಂಟಿನ ಮೂರು ನಾಣ್ಯ ಇತ್ತಂತೆ. ಘಾನಾದ ‘ಟ್ರೊಟ್ರೊ’ಗೂ ಮೂರು ಪೆನ್ನಿ ಅನ್ನೋ ಶಬ್ದವೇ ಮೂಲ ಅಂತಾರೆ. ಅವ್ರು ಗಾಡಿಗೆ ರೇಟಿನ ಹೆಸರಿಟ್ರು, ರೇಟು ಎಷ್ಟೋ ಸಲ ಏರಿದೆ, ಹೆಸರು ಅಲ್ಲೇ ನಿಂತಿದೆ. ತಮಿಳರು ‘ಪೇರುಂದು’ ಅಂತ ಸ್ವಂತ ಶಬ್ದ ಕಟ್ಟಿದ್ರು, ‘ಪೇರ್’ ದೊಡ್ಡದು, ‘ಉಂದು’ ಮುಂದೆ ನೂಕು. ಐಸ್‌ಲ್ಯಾಂಡಿನವ್ರು ‘ಸ್ಟ್ರೈಟೋ’ ಅಂತಾರೆ, ಬೀದಿಗಾಡಿ. ಚೀನೀಯರ ‘ಗೊಂಗ್‌ಗೊಂಗ್ ಚಿಛ’ದಲ್ಲಿ ಮೊದಲ ಶಬ್ದಕ್ಕೇ ಸಾರ್ವಜನಿಕ ಅಂತ ಅರ್ಥ, ಅಂದ್ರೆ ಅವ್ರು ತಲೆ ಕತ್ತರಿಸ್ಲಿಲ್ಲ. ಹಿಂದಿಯಲ್ಲಿ ‘ಬಸ್’ಗೆ ಸಾಕು ಅನ್ನೋದಲ್ದೆ ಇನ್ನೊಂದು ಅರ್ಥ ಇದೆ: ‘ಮೇರೇ ಬಸ್ ಮೇ ನಹೀ’, ನನ್ನ ವಶದಲ್ಲಿಲ್ಲ. ನಮ್ಮ ‘ವಶ’ವೇ ಅಲ್ಲಿ ‘ಬಸ್’ ಆಗಿದೆ. ದೇವಿಮನೆ ಘಟ್ಟದಲ್ಲಿ ಮಳೆಗಾಲ ಬಸ್ಸಿಗೆ ಹೋದವ್ರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಟೆಂಪೋ ಬಿಡೋ ಹಾಗಿಲ್ಲ. ಇಟಾಲಿಯನ್ನಲ್ಲಿ ಟೆಂಪೋ ಅಂದ್ರೆ ಸಮಯ. ನಮ್ಮಲ್ಲಿ ಅದು ಹೊರಡೋದು ಸಮಯ ನೋಡಿ ಅಲ್ಲ, ತುಂಬಿದ ಮೇಲೆ. ಅದೂ ಜರ್ಮನಿಯ ಒಂದು ಕಂಪನಿ ಗಾಡಿಯ ಬ್ರ್ಯಾಂಡು, ಆಮೇಲೆ ಬಜಾಜ್ ಟೆಂಪೋ, ಕೊನೆಗೆ ಯಾವ ಕಂಪನಿಯದ್ದಾದ್ರೂ ಟೆಂಪೋನೇ.

ಈಗ ಚಾರ್ಜರ್ ವೈರು. ಯುಎಸ್‌ಬಿಯಲ್ಲಿ ಕೊನೆಯ ‘ಬಿ’ ಏನು? ಬಸ್. ಯೂನಿವರ್ಸಲ್ ಸೀರಿಯಲ್ ಬಸ್. ಕರೆಂಟಿನವ್ರು ಎಲ್ಲ ಲೈನಿಗೂ ವಿದ್ಯುತ್ ಹಂಚೋ ದಪ್ಪ ಪಟ್ಟಿಗೆ ಬಸ್‌ಬಾರ್ ಅಂತಾರಲ್ಲ, ಅದೂ ಓಮ್ನಿಬಸ್ಸಿಂದಾನೇ. ಅಲ್ಲಿಂದ ಕಂಪ್ಯೂಟರಿಗೆ ಹೋಯ್ತು. ‘ಯೂನಿವರ್ಸಲ್’ ಅಂದ್ರೆ ಮತ್ತೆ ಎಲ್ಲರದ್ದು ಅಂತಲೇ. ಇನ್ನೂರು ವರ್ಷದ ಹಿಂದೆ ಕತ್ತರ್ಸಿ ಬಿಸಾಡಿದ ತಲೆ ಚಾರ್ಜರಿನಲ್ಲಿ ವಾಪಸ್ ಬಂದು ಕೂತಿದೆ.

(5)
ಇನ್ನು ನಮ್ಮೂರು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರೂ ಪೇಟೆಗೆ ರೈಲಿಲ್ಲ. ಸಿದ್ದಾಪುರದವ್ರಿಗೆ ರೈಲು ಬೇಕಂದ್ರೆ ತಾಳಗುಪ್ಪಕ್ಕೆ ಹೋಗ್ಬೇಕು, ಯಲ್ಲಾಪುರದವ್ರು ಹುಬ್ಬಳ್ಳಿಗೋ ಅಂಕೋಲಕ್ಕೋ, ಶಿರಸಿಯವ್ರು ಕುಮಟಾ ಇಲ್ಲ ಹಾವೇರಿಗೆ. ಅಲ್ಲಿಗೆ ಹೋಗೋಕೂ ಬಸ್ಸೇ ಬೇಕು. ಹಾಗಾಗಿ ಬೆಂಗಳೂರಿನ ಫ್ರೆಂಡ್ಸಿಗೆ ಬಸ್ಸು ಅಂದ್ರೆ ಮೆಟ್ರೋ, ಆಟೋ, ಕ್ಯಾಬಿನ ಜೊತೆ ಇರೋ ಇನ್ನೊಂದು. ನಮ್ಗೆ ಬಸ್ಸು ತಪ್ಪಿದ್ರೆ ಆವತ್ತಿನ ಕಾಲೇಜು ತಪ್ಪಿದ ಹಾಗೆ.

ಇತಿಹಾಸ ಚಿಕ್ಕದಾಗಿ: ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಪ್ರಾಂತ್ಯದ ಕಡೆ ಇತ್ತು. 1948 ಎರಡೂ ಕಡೆ ಸರ್ಕಾರಿ ಬಸ್ಸಿನ ವರ್ಷ. ಮುಂಬಯಿಯದ್ದು ಜೂನ್ 1ಕ್ಕೆ ಪುಣೆಯಿಂದ ಅಹ್ಮದ್‌ನಗರಕ್ಕೆ ಹೋಯ್ತು, ಮೈಸೂರಿನದ್ದು ಸೆಪ್ಟೆಂಬರ್ 12ಕ್ಕೆ 120 ಬಸ್ಸಿಟ್ಟು ಶುರುವಾಯ್ತು. ಸರ್ಕಾರ ಯಾಕೆ ಬಸ್ಸು ಓಡಿಸ್ಬೇಕು ಅನ್ನೋ ಪ್ರಶ್ನೆಗೆ ಒಂದು ಉತ್ತರ ನಮ್ಮ ತಾಲೂಕುಗಳನ್ನ ನೋಡಿದ್ರೇ ಸಿಗ್ತದೆ. ಇಲ್ಲಿ ಊರು ಅಂದ್ರೆ ಒಂದೇ ಕಡೆ ಇರಲ್ಲ. ಒಂದು ಮನೆ ಈ ಗುಡ್ಡದ ಕೆಳಗೆ, ಇನ್ನೊಂದು ಆ ತೋಟದ ತಲೆಗೆ. ಬಸ್ಸು ನಿಲ್ಲೋದು ‘ಕ್ರಾಸಲ್ಲಿ’. ಹೊರಗಿನವ್ರಿಗೆ ಕ್ರಾಸ್ ಅಂದ್ರೆ ರಸ್ತೆ ಕೂಡೋ ಜಾಗ, ನಮ್ಗೆ ಕ್ರಾಸ್ ಅಂದ್ರೆ ಇಲ್ಲಿಂದ ಮುಂದೆ ನಡೀಬೇಕು ಅಂತ. ಇಂಥ ಕಡೆ ಬರೀ ಲಾಭ ನೋಡೋ ಯಾರು ಗಾಡಿ ಬಿಡ್ತಾರೆ, ನೀವೇ ಹೇಳಿ.

(6)
ಈಗ ಆ ದಿನ ಹೇಳ್ದೇ ಉಳ್ಸಿದ್ದು.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಾನಾಗ ಸೆಕೆಂಡ್ ಪಿಯು ಮುಗಿಸಿದ್ದೆ. ‘ಫ್ರೀ’ ಅಂತ ನೀವು ನಗೋ ಆ ಟಿಕೆಟ್ಟು ನೋಡಿದೀರಾ? ಕಂಡಕ್ಟರ್ ಮಶಿನ್ನಿಂದ ಹರ್ದು ಕೊಡ್ತಾರೆ, ದುಡ್ಡಿಲ್ಲ ಅಂದ್ರೂ ತಗೊಳ್ಲೇಬೇಕು. ಯಾಕೆ? ಆ ಟಿಕೆಟ್ಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಗಳಿಗೆ ದುಡ್ಡು ಕೊಡ್ಬೇಕು. ಅಂದ್ರೆ ಅದು ಸೊನ್ನೆ ಅಲ್ಲ, ವೋಚರ್. ಕ್ರೆಡಿಟ್ ಸೇಲಿಗೆ ಬಿಲ್ಲು ಹರಿದು ಡೆಟರ್ ಹೆಸರಿಗೆ ಬರ್ಯೋದನ್ನ ಫಸ್ಟ್ ಸೆಮ್ಮಲ್ಲೇ ಕಲ್ತ ನಾವು ಇದಕ್ಕೆ ಮಾತ್ರ ‘ಬಿಟ್ಟಿ’ ಅಂತೀವಿ. ಆ ದುಡ್ಡು ತೆರಿಗೆಯಿಂದ ಬರ್ತದೆ ಅಂತೀರಿ. ಹೌದು. ಗೌಳಿ ಅಜ್ಜಿ ಸೋಪು ತಗೊಂಡಾಗ, ಮೊಮ್ಮಗನಿಗೆ ಬಿಸ್ಕೆಟ್ ತಗೊಂಡಾಗ ಕೊಡೋ ಜಿಎಸ್‌ಟಿಯೂ ಅದೇ ಡಬ್ಬಿಗೇ ಹೋಗ್ತದೆ. ನೀವು ಬೈಕಲ್ಲಿ ಹೋಗೋ ರಸ್ತೆಗೆ ಯಾವ ಟಿಕೆಟ್ ತಗೊಂಡಿದೀರಿ? ಅದನ್ನ ಯಾರೂ ಫ್ರೀ ರಸ್ತೆ ಅನ್ನಲ್ಲ.

ಇನ್ನೊಂದು ಇದೆ, ನಂಗೆ ಇದೇ ಮುಖ್ಯ. ದುಡ್ಡಿನ ಕಾರಣಕ್ಕೆ ಬಸ್ಸೇ ಹತ್ತದೇ ಮನೇಲಿ ಉಳಿದವ್ರು ಯಾವ ಲೆಕ್ಕದಲ್ಲೂ ಬರಲ್ಲ. ಕಲೆಕ್ಷನ್ ನೋಡಿದ್ರೆ ಆ ಊರಿಂದ ನಾಲ್ಕೇ ಜನ ಅಂತ ಕಾಣ್ತದೆ, ಬರಬೇಕಾಗಿದ್ದ ಇನ್ನು ಹತ್ತು ಜನ ಕಾಣೋದೇ ಇಲ್ಲ. ಅವ್ರು ಹತ್ತಿ ಟಿಕೆಟ್ ಹರ್ಸಿದಾಗ ಮಾತ್ರ ಕಾಗದದ ಮೇಲೆ ಬರ್ತಾರೆ. ನನ್ನ ಅಮ್ಮ ಮೊದಲು ಶಿರಸಿಗೆ ಹೋಗ್ಬೇಕಂದ್ರೆ ಮೂರು ಕೆಲಸ ಕೂಡಿಸ್ಕೊಳ್ತಿದ್ಲು, ಡಾಕ್ಟರು, ರೇಷನ್ನಿನ ಕಾಗದ, ನನ್ನ ಫೀಸು. ಒಂದೇ ಕೆಲಸ ಇದ್ರೆ “ಇರ್ಲಿ, ಆಮೇಲೆ ನೋಡ್ವಾ.” ಎಷ್ಟೋ ಸಲ ಆ ಒಂದು ಕೆಲಸ ಡಾಕ್ಟರದ್ದೇ ಆಗಿರ್ತಿತ್ತು. ಈಗ ಅದೊಂದಕ್ಕೇ ಹೋಗಿ ಬರ್ತಾಳೆ. ತಿರುಗಾಟ ಜಾಸ್ತಿ ಆಯ್ತು ಅಂತ ಯಾರೋ ಅಂದ್ರಂತೆ. ಹೌದು, ಆಯ್ತು. ಒಳ್ಳೇದಾಯ್ತು.

ನಿಮ್ಮ ಮಾತಲ್ಲಿ ಅರ್ಥ ಇಲ್ವೇ ಇಲ್ಲ ಅಂತಲ್ಲ. ಬಸ್ಸು ತುಂಬ್ತದೆ, ದುಡ್ಡು ಕೊಟ್ಟು ನಿಂತೋರಿಗೆ ಕಾಲು ನೋಯ್ತದೆ, ಟೆಂಪೋ ಓಡ್ಸಿ ಸಂಸಾರ ಮಾಡೋರ ದುಡಿಮೆಗೆ ಪೆಟ್ಟು ಬಿದ್ದಿದೆ ಅನ್ನೋದೂ ಮಾತಾಡ್ಬೇಕಾದ ವಿಷ್ಯ. ಆದ್ರೆ ಬಸ್ಸು ತುಂಬಿದ್ರೆ ಕೇಳ್ಬೇಕಾದ್ದು ಇನ್ನೊಂದು ಬಸ್ಸು. ನೀವು ಕೇಳ್ತಾ ಇರೋದು ಒಬ್ಬ ಅಜ್ಜಿ ಇಳೀಲಿ ಅಂತ. ಪ್ಯಾರಿಸ್ಸಿನವ್ರು 1662ರಲ್ಲಿ ಕೇಳಿದ್ದೂ ಇದನ್ನೇ.

ಮಾರಿಕಾಂಬಾ ಜಾತ್ರೆ ಟೈಮಲ್ಲಿ ಸ್ಪೆಷಲ್ ಬಸ್ಸು ಬಿಡ್ತಾರಲ್ಲ, ಆಗ ಉಸಿರಾಡೋಕೂ ಜಾಗ ಇರಲ್ಲ, ಒಬ್ರೂ ಗೊಣಗಲ್ಲ. ಆಗ ಎಲ್ರೂ ಅಮ್ಮನವ್ರ ಜನ.

(7)
ಬೇರೆಯವ್ರಿಗೆ ಹೇಳಿ ಮುಗೀತು, ಈಗ ನಂದು.

ಶಿರಸಿ ಬಸ್‌ಸ್ಟ್ಯಾಂಡಲ್ಲಿ ಸಂಜೆ ಬಸ್ಸು ಬಂದು ನಿಲ್ಲೋಕೂ ಮುಂಚೆ ಕಿಟಕಿಯಿಂದ ಬ್ಯಾಗು ಒಗೆದು ಸೀಟು ಹಿಡಿಯೋದ್ರಲ್ಲಿ ನಾನು ಎಕ್ಸ್‌ಪರ್ಟು, ನನ್ನ ಕ್ಲಾಸಿನವ್ರಿಗೆ ಗೊತ್ತು. ನಂಗೊಂದು, ಕಾನಸೂರಲ್ಲಿ ಇಳ್ಯೋಳಿಗೊಂದು, ಇನ್ನೂ ಕ್ಯಾಂಟೀನಲ್ಲಿ ಇರೋಳಿಗೊಂದು. ಬಾಗಿಲಿಂದ ಹತ್ತಿ ಬಂದ ವಯಸ್ಸಾದವ್ರು ನನ್ನ ಬ್ಯಾಗಿನ ಪಕ್ಕ ನಿಂತು ಎಷ್ಟೋ ಸಲ ಬಂದಿದಾರೆ. ಅವ್ರು ಏನೂ ಅನ್ನಲಿಲ್ಲ, ಬಸ್‌ಸ್ಟ್ಯಾಂಡಿನ ರೂಲ್ಸು ಹಂಗೇ ಅಂತ ಎಲ್ರೂ ಒಪ್ಕೊಂಡಾಗಿದೆ. ಎಲ್ಲರಿಗೆ ಅಂತ ಹೆಸರಿರೋ ಗಾಡೀಲಿ ನನ್ನ ಬ್ಯಾಗಿಗೂ ಸೀಟು! ಈ ಸೀರೀಸ್ ಬರೆಯೋಕೆ ಶುರು ಮಾಡಿದ ಮೇಲೆ ಒಗೆದಿಲ್ಲ. ಎಷ್ಟು ದಿನ ನಡೀತದೋ ಗೊತ್ತಿಲ್ಲ, ಪರೀಕ್ಷೆ ಟೈಮಲ್ಲಿ ಭರವಸೆ ಕೊಡಲ್ಲ. ನೀವೂ ಒಂದು ವಾರ ಟ್ರೈ ಮಾಡಿ ನೋಡಿ.

ಆ ದಿನದ್ದು ಇಷ್ಟು ಬಾಕಿ ಇದೆ. ಮಂಚಿಕೇರಿ ಬರೋಕೆ ಮುಂಚೆ ಒಂದು ಕ್ರಾಸಲ್ಲಿ ಕಂಡಕ್ಟರ್ “ಹೋಲ್ಡಾನ್” ಅಂದ್ರು. ಅಜ್ಜಿ ಹುಡುಗನ್ನ ಎತ್ಕೊಂಡು ಇಳಿದ್ರು. ಮೇಲೆ ಉಳಿದಿದ್ದ ಅವ್ರ ಚೀಲ ಎತ್ತಿ ಬಾಗಿಲವರೆಗೆ ತಂದು ಕೆಳಗೆ ಕೊಟ್ಟಿದ್ದು ಬೇರೆ ಯಾರೂ ಅಲ್ಲ, ಆ ಮಾತು ಆಡಿದ್ರಲ್ಲ, ಅವ್ರೇ. ಅಜ್ಜಿ ಏನೋ ಅಂದ್ರು, ಮಳೆ ಸದ್ದಿಗೆ ನಂಗೆ ಕೇಳಿಸ್ಲಿಲ್ಲ. ಹುಡುಗ ಕೆಸರಲ್ಲಿ ಹಾರ್ತಾ ಮುಂದೆ ಓಡಿದ.

“ರೈಟ್.”

ಅವ್ರು ಬಂದು ಖಾಲಿ ಆದ ಸೀಟಲ್ಲಿ ಕೂತ್ರು, ನನ್ನ ಕಡೆ ಒಂದ್ಸಲ ನೋಡಿ, ಕಿಟಕಿ ಕಡೆ ತಿರುಗಿದ್ರು. ನಾನು ಇಯರ್‌ಫೋನ್ ತೆಗ್ದೆ. ಹಾಡು ಯಾವಾಗ್ಲೋ ನಿಂತು ಹೋಗಿತ್ತು.